ಅಂತರಘಟ್ಟಮ್ಮನ ಸಾಲು

ಕಾರ್ಮಿಕ ಇಲಾಖೆಯ ಮೇಡಂ ಬುಧವಾರ ಮಧ್ಯಾಹ್ನ ನೆಟ್ ಮನೆಗೇ ಬರುತ್ತಾರೆ, ಒಬ್ಬೊಬ್ಬರ ಕೈಕೆಲಸವನ್ನೂ ನಿಂತು ನೋಡುತ್ತಾರೆ ಎಂದು ಪವಿತ್ರ ಬಂದು ಹೇಳಿದಾಗ ಅಂಬಿಕಾಳ ಚಿಮಟದ ತುದಿಯಲ್ಲಿ ಒಂದು ಟೊಮೆಟೊ ಮೊಗ್ಗಿತ್ತು. ಅವಳ ಕೈ ಅಲುಗಿತು. ಮೊಗ್ಗಿನ ನಡುವಿನ ಕೂದಲಿನಂಥ ಹಸಿರು ಕಡ್ಡಿ ಮುರಿಯಿತು. ಅದು ಮುರಿದರೆ ಆ ಹೂವು ಕಾಯಿ ಕಟ್ಟುವುದಿಲ್ಲ. ಅಂಬಿಕಾ ಮೊಗ್ಗನ್ನು ಚಿವುಟಿ ಸೊಂಟದ ಚೀಲಕ್ಕೆ ಹಾಕಿಕೊಂಡು, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದಳು.

"ಒಬ್ಬೊಬ್ರನ್ನೂ ಅಂದ್ರೆ?"

"ಒಬ್ರನ್ನೂ ಬಿಡಂಗಿಲ್ಲಂತೆ ಅಂಬಿಕಕ್ಕ. ಯಜಮಾನ್ರೇ ಹಂಗೆ ಕೇಳ್ಕಂಡಾರಂತೆ. ಎಲ್ರೂ ಕುಶಲ ಕೆಲಸಗಾರ್ರು ಅಂತಾರಲ್ಲ, ಎಲ್ರೂ ಮಾಡಿ ತೋರಿಸ್ಲಿ ಅಂತ."

ಇಬ್ಬರೂ ಆಚೆಯ ಸಾಲಿನ ಕಡೆ ನೋಡಿದರು. ಅಲ್ಲಿ ಅಂಬಿಕಾಳ ಅತ್ತೆ ಅಂತರಘಟ್ಟಮ್ಮ ಗಿಡಕ್ಕೆ ಮೂಗು ತಾಗುವಷ್ಟು ಬಾಗಿ ನಿಂತಿದ್ದಳು. ಎಡಗೈಯಲ್ಲಿ ಟೊಂಗೆ ಹಿಡಿದು, ಬಲಗೈಯ ಬೆರಳುಗಳಿಂದ ಮೊಗ್ಗುಗಳನ್ನು ಒಂದೊಂದಾಗಿ ಸವರುತ್ತಿದ್ದಳು. ಮೊದಲೆಲ್ಲ ಅವಳು ಮೊಗ್ಗನ್ನು ಸವರುತ್ತಿರಲಿಲ್ಲ. ನೋಡುತ್ತಿದ್ದಳು, ಕೀಳುತ್ತಿದ್ದಳು, ಮುಂದಕ್ಕೆ ಹೋಗುತ್ತಿದ್ದಳು.

ಷಣ್ಮುಖಪ್ಪನ ನೆಟ್ ಮನೆ ನ್ಯಾಮತಿಯಿಂದ ಸೂರಗೊಂಡನಕೊಪ್ಪದ ಕಡೆ ಹೋಗುವ ರಸ್ತೆಗೆ ಹೊಂದಿಕೊಂಡಿತ್ತು. ಸುತ್ತ ಮೆಕ್ಕೆಜೋಳ, ನಡುವೆ ಬಿಳಿಯ ಬಲೆ ಹೊದ್ದ ಈ ಉದ್ದನೆಯ ಚಪ್ಪರ. ಹೊರಗಿನ ಜೇನುನೊಣವೂ ಒಳಗೆ ಬರಬಾರದೆಂದು ಬಾಗಿಲಿಗೆ ಎರಡು ಪರದೆ. ಇಲ್ಲಿ ಬೆಳೆಯುವ ಟೊಮೆಟೊ ತಿನ್ನುವುದಕ್ಕಲ್ಲ, ಬೀಜಕ್ಕೆ. ಒಂದು ಜಾತಿಯ ಗಿಡದ ಹೂವಿಗೆ ಇನ್ನೊಂದು ಜಾತಿಯ ಪರಾಗದ ಪುಡಿ ಮುಟ್ಟಿಸಿ ಕಂಪನಿಗೆ ಹೈಬ್ರಿಡ್ ಬೀಜ ಮಾಡಿಕೊಡಬೇಕು. ಮಧ್ಯಾಹ್ನ ಬಿಸಿಲು ಇಳಿಯುವ ಹೊತ್ತಿಗೆ ಹೆಣ್ಣು ಗಿಡದ ಮೊಗ್ಗು ಬಿಡಿಸಿ ಅದರೊಳಗಿನ ಗಂಡು ಭಾಗವನ್ನು ಚಿಮಟದಿಂದ ತೆಗೆಯುವುದು, ಮರುದಿನ ಬೆಳಿಗ್ಗೆ ಉಳಿದ ಕಡ್ಡಿಯ ತುದಿಗೆ ಪುಡಿ ಮುಟ್ಟಿಸುವುದು. ಹೆಂಗಸರು ಇದಕ್ಕೆ 'ಗಂಡು ತೆಗಿಯೋದು' ಎನ್ನುತ್ತಿದ್ದರು. ಅದರ ಮೇಲೆ ಆಡದ ನಗೆಮಾತಿಲ್ಲ. "ಮನೇಲೂ ಇಷ್ಟು ಸಲೀಸಾಗಿ ತೆಗಿಯಂಗಿದ್ರೆ ಎಷ್ಟ್ ಚೆನ್ನಾಗಿತ್ತು" ಎಂದು ಪವಿತ್ರ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಎಲ್ಲರೂ ಪ್ರತಿಸಲವೂ ನಗುತ್ತಿದ್ದರು.

ಕಷ್ಟವಿದ್ದದ್ದು ತೆಗೆಯುವುದರಲ್ಲಲ್ಲ, ಆರಿಸುವುದರಲ್ಲಿ. ನಾಳೆ ಬೆಳಿಗ್ಗೆ ಅರಳುವ ಮೊಗ್ಗೇ ಬೇಕು. ನಾಡಿದ್ದು ಅರಳುವುದಾದರೆ ಎಳಸು, ಮುಟ್ಟಿದರೆ ಕಡ್ಡಿ ಮುರಿಯುತ್ತದೆ. ಇವತ್ತೇ ಅರಳುವಂಥದಾದರೆ ಒಳಗೆ ಅದರದೇ ಪುಡಿ ಉದುರಿ ಆಗಿರುತ್ತದೆ, ಬೀಜ ಜಾತಿ ಕೆಡುತ್ತದೆ. ಹಸಿರು ಎಸಳಿನ ಸಂದಿಯಿಂದ ಹಳದಿ ಎಷ್ಟು ಇಣುಕಿದೆ, ಆ ಹಳದಿಯಲ್ಲಿ ಇನ್ನೂ ಎಷ್ಟು ಹಸಿರಿದೆ ಎಂಬುದನ್ನು ಒಂದೇ ನೋಟಕ್ಕೆ ಹಿಡಿಯಬೇಕು.

ಆ ಹಳದಿಯೇ ಈಗ ಅಂತರಘಟ್ಟಮ್ಮನಿಗೆ ಕಾಣುತ್ತಿರಲಿಲ್ಲ.

*

ಇದೆಲ್ಲ ಶುರುವಾದದ್ದು ಅಂಬಿಕಾಳಿಂದಲೇ. ಅವಳ ಗಂಡ ತಿಪ್ಪೇಶ್ ಟ್ರ್ಯಾಕ್ಟರ್ ಚಾಲಕ. ಅವನನ್ನು ಯಾರೂ ಕೂಲಿ ಎನ್ನುತ್ತಿರಲಿಲ್ಲ, ಡ್ರೈವರ್ ಎನ್ನುತ್ತಿದ್ದರು. ಸರ್ಕಾರದ ದರಪಟ್ಟಿಯಲ್ಲೂ ಅವನು ಕುಶಲ ಕೆಲಸಗಾರ ಎಂದು ಅವನೇ ಒಂದು ಸಲ ಹೆಮ್ಮೆಯಿಂದ ಹೇಳಿದ್ದ. "ಹಂಗಾದ್ರೆ ನಾವು?" ಎಂದು ಅಂಬಿಕಾ ಕೇಳಿದ್ದಳು. "ನೀವು ಕೂಲಿಯೋರಲ್ಲೇನೇ" ಎಂದು ಅವನು ಸಹಜವಾಗಿ ಹೇಳಿ ಊಟಕ್ಕೆ ಕೂತಿದ್ದ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದಕ್ಕೇ ಅದು ಅವಳನ್ನು ಹೆಚ್ಚು ಚುಚ್ಚಿತು. ಈ ವರ್ಷ ಹೆಂಗಸರೆಲ್ಲ ಸೇರಿ, ತಮ್ಮದು ಕಳೆ ಕೀಳುವಂಥ ಕೆಲಸವಲ್ಲ, ತಮ್ಮನ್ನು ಕುಶಲ ಕೆಲಸಗಾರರೆಂದು ಪರಿಗಣಿಸಬೇಕು ಎಂದು ಅರ್ಜಿ ಕೊಟ್ಟರು. ಮುಂದೆ ನಿಂತು ಮಾತಾಡಿದವಳು ಅಂಬಿಕಾ.

ಹೊನ್ನಾಳಿಯ ಕಚೇರಿಯಲ್ಲಿ ಇನ್ಸ್‌ಪೆಕ್ಟರ್ ಪ್ರಮೀಳಾ ಎರಡೂ ಕಡೆಯವರನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದ್ದರು. "ನೋಡಿ, ಬರೀ ಮೈಮುರಿದು ಮಾಡೋ ಕೆಲಸವಾದರೆ ಅಕುಶಲ. ಸ್ವಲ್ಪ ಅಭ್ಯಾಸ ಬೇಕಾದರೆ ಅರೆಕುಶಲ. ಕಲಿತು, ರೂಢಿ ಮಾಡಿಕೊಂಡು, ಹೌದೋ ಅಲ್ಲವೋ ಅಂತ ತಾನೇ ತೀರ್ಮಾನ ತಗೊಂಡು ಮಾಡಬೇಕಾದರೆ ಕುಶಲ. ನಿಮ್ಮದು ಯಾವುದು ಅಂತ ನಾನು ವರದಿ ಕಳಿಸಬೇಕು."

"ಹೂ ಕೀಳಾಕೆ ಏನು ತೀರ್ಮಾನ ಮೇಡಂ?" ಎಂದಿದ್ದ ಷಣ್ಮುಖಪ್ಪ. ಕೆಟ್ಟ ಮನುಷ್ಯನಲ್ಲ. ಹಬ್ಬಕ್ಕೆ ಸೀರೆ ಕೊಡುತ್ತಿದ್ದ, ಕಾಯಿಲೆಯಾದರೆ ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಬಿಡುತ್ತಿದ್ದ. "ಕೈ ಕಾಲು ನೆಟ್ಟಗಿರೋ ಯಾರ್ನ ಕರ್ಕಂಡ್ ಬಂದ್ರೂ ಎರಡು ದಿನಕ್ಕೆ ಕಲೀತಾರೆ. ಇವ್ರು ಬರಲ್ಲ ಅಂದ್ರೆ ತ್ಯಾವಣಿಗೆ ಕಡೆಯಿಂದ ಗದ್ದೆ ಆಳು ತರಿಸ್ತೀನಿ."

"ತರಿಸ್ರಿ ಯಜಮಾನ್ರೇ" ಎಂದು ಅಂಬಿಕಾ ಥಟ್ಟನೆ ಹೇಳಿದ್ದಳು. "ನಾನು ಜಗಳೂರು ಸೀಮೆಯಿಂದ ಬಂದೋಳು. ಮದುವೆ ಆಗಿ ಬಂದಾಗ ನನಗೂ ಇದು ಬರ್ತಿರ್ಲಿಲ್ಲ. ನಮ್ಮತ್ತೆ ಹಿತ್ಲಾಗಿನ ಬದನೆ ಹೂವಿನ ಮೇಲೆ ಒಂದು ಹಂಗಾಮು ಕೈ ಪಳಗಿಸಿದ ಮ್ಯಾಲೇ ನನ್ನ ಒಳಗೆ ಬಿಟ್ಟಿದ್ದು. ನಮ್ಮಲ್ಲಿ ಎಲ್ರ ಕೈನೂ ಹಂಗೆ. ಒಬ್ರದೂ ಕಮ್ಮಿ ಇಲ್ಲ."

ಆ ಕೊನೆಯ ಮಾತು ಬಾಯಿಂದ ಬಿದ್ದ ಕೂಡಲೇ ಅವಳಿಗೆ ಅತ್ತೆಯ ನೆನಪಾಯಿತು. ಷಣ್ಮುಖಪ್ಪ ಅದನ್ನೇ ಹಿಡಿದುಕೊಂಡ.

"ಸರಿ. ಹಂಗಾದ್ರೆ ಹೋದ ವರ್ಷದ ಬೀಜ ಕಂಪನಿಯೋರು ಕಲಬೆರಕೆ ಐತೆ ಅಂತ ವಾಪಸ್ ಹಾಕಿದ್ರಲ್ಲ, ಅದಕ್ಕೆ ಯಾರು ಹೊಣೆ? ಕೂಲಿಯೋರಾದ್ರೆ ನಾನೇ ಹೊರ್ತೀನಿ. ಕುಶಲದೋರು ಅಂದ್ರೆ ತಪ್ಪೂ ನಿಮ್ದೇ ಅಲ್ಲೇನು? ಡಾಕ್ಟ್ರು ತಪ್ಪು ಆಪರೇಶನ್ ಮಾಡಿದ್ರೆ ಕಾಂಪೌಂಡರ್‌ನ ಕೇಳ್ತಾರಾ?"

ಪ್ರಮೀಳಾ ಮೇಡಂ ಅದು ಬೇರೆ ವಿಷಯ, ಇಲ್ಲಿ ಬೇಡ ಎಂದಿದ್ದರು. ಆದರೆ ಮಾತು ಅಂಬಿಕಾಳ ಜೊತೆಗೇ ಬಸ್ಸು ಹತ್ತಿತ್ತು. ಹೋದ ವರ್ಷ. ಅತ್ತೆಯ ಕಣ್ಣು ಮಂಜಾಗಿದ್ದು ಯಾವಾಗ? ಅವಳು ಗಮನಿಸಿದ್ದು ಯಾವಾಗ? ಎರಡರ ನಡುವೆ ಎಷ್ಟು ಮೊಗ್ಗು ಹೋಗಿರಬಹುದು?

*

ಗೊತ್ತಾದದ್ದು ಹೀಗೆ. ಒಂದು ಬೆಳಿಗ್ಗೆ ಪುಡಿ ಮುಟ್ಟಿಸುತ್ತ ಅತ್ತೆಯ ಸಾಲಿನ ಪಕ್ಕ ಹಾದಾಗ, ಒಂದು ಹೂವಿನೊಳಗೆ ಗಂಡು ಭಾಗ ಅರ್ಧ ಉಳಿದುಕೊಂಡಿದ್ದು ಅಂಬಿಕಾಳಿಗೆ ಕಂಡಿತು. ಮುಂದಿನದರಲ್ಲೂ. ಹುಡುಗಿಯರ ಸಾಲಿನಲ್ಲಿ ಇಂಥದ್ದು ಸಿಕ್ಕರೆ ಅತ್ತೆ ಮಣಿಕಟ್ಟಿನ ಮೇಲೆ ಛಟೀರನೆ ಹೊಡೆಯುತ್ತಿದ್ದಳು. ಅಂಬಿಕಾಳ ಮಣಿಕಟ್ಟಿಗೆ ಆ ಏಟು ಇನ್ನೂ ನೆನಪಿತ್ತು. ಅರ್ಧ ಕಿತ್ತ ಆ ಹೂವನ್ನು ನೋಡಿ ಅವಳಿಗೆ ಮೊದಲು ಆದದ್ದು ದುಃಖವಲ್ಲ, ಒಂದು ಸಣ್ಣ, ಬೆಚ್ಚಗಿನ ಸಂತೋಷ. ಆಮೇಲೆ ಅದಕ್ಕೆ ನಾಚಿಕೊಂಡಳು. ಆ ನಾಚಿಕೆಯೇ ಅವಳಿಂದ ಮುಂದಿನದ್ದನ್ನೆಲ್ಲ ಮಾಡಿಸಿತು.

ದಾವಣಗೆರೆಯ ಡಾಕ್ಟರು ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಗೆ ಇಳಿದಿದೆ, ಆಪರೇಶನ್ನಿಂದ ವಾಪಸ್ ಬರುವ ದೃಷ್ಟಿಯಲ್ಲ, ಇರುವುದನ್ನು ಕಾಪಾಡಿಕೊಳ್ಳಿ ಎಂದರು. ಅಂತರಘಟ್ಟಮ್ಮ ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮರುದಿನ ಎಂದಿನಂತೆ ಎಲ್ಲರಿಗಿಂತ ಮೊದಲು ನೆಟ್ ಮನೆಯ ಪರದೆ ಸರಿಸಿದಳು.

ಆಗ ಅಂಬಿಕಾ ಪವಿತ್ರಳಿಗೆ ಹೇಳಿದಳು, ಪವಿತ್ರ ಪಕ್ಕದ ಸಾಲಿನ ಅಜ್ಜಮ್ಮನಿಗೆ, ಹೀಗೆ ಎಲ್ಲರಿಗೂ ಗೊತ್ತಾಯಿತು. ಇವತ್ತು ನಿನ್ನ ಹೊಲಕ್ಕೆ ನಾನು ಬಂದರೆ ನಾಳೆ ನನ್ನ ಹೊಲಕ್ಕೆ ನೀನು ಬರಬೇಕು. ಈ ಕಡೆ ಅದಕ್ಕೆ ಮುಯ್ಯಿ ಎನ್ನುತ್ತಾರೆ. "ಅಜ್ಜಿ ನಮಗೆಲ್ಲ ಕಲ್ಸಿದಾಳೆ. ಆ ಮುಯ್ಯಿ ಇನ್ನೂ ತೀರ್ಸಿಲ್ಲ" ಎಂದು ಅಜ್ಜಮ್ಮನೇ ಹೇಳಿದಳು. ಅಂದಿನಿಂದ ಅಂತರಘಟ್ಟಮ್ಮ ಸಾಲು ಮುಗಿಸಿ ನೀರು ಕುಡಿಯಲು ಹೊರಗೆ ಹೋದ ಕೂಡಲೇ ಯಾರಾದರೊಬ್ಬರು ಆ ಸಾಲಿನಲ್ಲಿ ಸರಸರನೆ ನಡೆದು, ಕೆಟ್ಟದ್ದನ್ನು ಕಿತ್ತು, ಬಿಟ್ಟದ್ದನ್ನು ಮಾಡಿ ಬರುತ್ತಿದ್ದರು. ಷಣ್ಮುಖಪ್ಪನಿಗೆ ಗೊತ್ತಾಗಲಿಲ್ಲ. ಅಂತರಘಟ್ಟಮ್ಮನಿಗೂ ಗೊತ್ತಿಲ್ಲ ಎಂದು ಅವರೆಲ್ಲ ನಂಬಿದ್ದರು.

ಮುಯ್ಯಿ ಎಂದರೆ ಒಳ್ಳೆಯದೇ. ಆದರೆ ಈಗ ಮೇಡಂ ಎದುರಿಗೆ ಅದು ಏನಾಗುತ್ತದೆ? ಕಣ್ಣು ಕಾಣದ ಮುದುಕಿಯೂ ಸಾಲು ಮುಗಿಸಿ ದಿನಗೂಲಿ ತೆಗೆದುಕೊಂಡು ಹೋಗುತ್ತಾಳೆ ಎಂದರೆ ಅದು ಎಂಥ ಕುಶಲ ಕೆಲಸ? ಷಣ್ಮುಖಪ್ಪ ಕೇಳುವುದು ಇದನ್ನೇ. ಅಥವಾ ನಿಜ ಹೇಳಿದರೆ, ಅತ್ತೆ ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕು, ಹೋದ ವರ್ಷದ ಬೀಜದ ಕಳಂಕವನ್ನೂ ಹೊತ್ತುಕೊಂಡು. ಸೋಮವಾರ ಸಂಜೆಯಿಂದ ಈ ಎರಡೇ ದಾರಿಗಳ ನಡುವೆ ಅಂಬಿಕಾ ಓಡಾಡಿದಳು. ಅನ್ನಕ್ಕೆ ಉಪ್ಪು ಎರಡು ಸಲ ಹಾಕಿದಳು.

*

ಮಂಗಳವಾರ ಸಂಜೆ ಅಂತರಘಟ್ಟಮ್ಮ ಅಂಗಳದಲ್ಲಿ ಕೂತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ಅಂಬಿಕಾ ಹತ್ತಿರ ಹೋಗಿ ಕೂತಳು.

"ಅತ್ತೆ, ತ್ಯಾವಣಿಗೆ ಅತ್ತಿಗೆ ಫೋನ್ ಮಾಡಿದ್ರು. ನಾಳೆ ಬಂದು ಹೋಗಾಕೆ ಹೇಳಿದ್ರು ನಿಮಗೆ."

"ಹೌದಾ? ಏನಂತೆ?"

"ಸುಮ್ನೆ. ನೋಡಿ ಭಾಳ ದಿನ ಆತಂತೆ."

ಅಂತರಘಟ್ಟಮ್ಮ ಎಣ್ಣೆಯ ಬಟ್ಟಲಿನಲ್ಲಿ ಬೆರಳದ್ದಿದಳು. "ಮಧ್ಯಾಹ್ನ ನಾನೇ ಮಗಳ ಹತ್ರ ಮಾತಾಡಿದೀನಲ್ಲೇ. ಗಂಡನ ಮನೆಯೋರ ಜೊತೆ ಸೂಳೆಕೆರೆ ಕಡೆ ಹೊಂಟೀನಿ, ನಾಳೆ ಮನೇಲಿರಲ್ಲ ಅಂದ್ಳು."

ಅಂಬಿಕಾ ನೆಲಕ್ಕೆ ಚೆಲ್ಲಿದ್ದ ಎಣ್ಣೆಯನ್ನು ಬೆರಳಿನಿಂದ ಒರೆಸಿದಳು.

"ಸುಳ್ಳು ಹೇಳೋವಾಗ ಸ್ವಲ್ಪ ವಿಚಾರಿಸ್ಕಂಡು ಹೇಳ್ಬೇಕು" ಎಂದಳು ಅತ್ತೆ. ದನಿಯಲ್ಲಿ ಕೋಪವಿರಲಿಲ್ಲ. "ಎಲ್ರೂ ಇರ್ಬೇಕು ಅಂತ ಆ ಮೇಡಮ್ಮ ಹೇಳ್ಯಾಳಂತೆ. ನಾನೊಬ್ಳು ಇರ್ದಿದ್ರೆ ಏನಂತಾನೆ ಷಣ್ಮುಖಪ್ಪ? ಕಲ್ಸಿದೋಳೇ ಹೆದ್ರಿ ಓಡಿ ಹೋದ್ಲು ಅಂತಾನೆ."

"ಬಿಸಿಲು ಜಾಸ್ತಿ ಐತೆ ಅಂತ..."

"ಬಿಸ್ಲೇನು ಇವತ್ತು ಹುಟ್ಟೈತಾ?"

ಕೇಳಿಬಿಡಬೇಕು ಎನಿಸಿತು ಅಂಬಿಕಾಳಿಗೆ. ನಿಮಗೆ ಎಷ್ಟು ಕಾಣುತ್ತದೆ, ಹೇಳಿ. ಆ ಒಂದು ಪ್ರಶ್ನೆ ಇಷ್ಟು ತಿಂಗಳು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಮಗನೂ ಕೇಳಿರಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂಬ ಭಯ. ಅವಳು ಎಣ್ಣೆಯ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದಳು.

ಬುಧವಾರ ಬೆಳಿಗ್ಗೆ ಪುಡಿ ಮುಟ್ಟಿಸುವ ಹೊತ್ತಿನಲ್ಲಿ ಪವಿತ್ರ ಒಂದು ಉಪಾಯ ಹೇಳಿದಳು. ಅಜ್ಜಿಯನ್ನು ಕೊನೆಯ ಸಾಲಿಗೆ ನಿಲ್ಲಿಸುವುದು. ಮೇಡಂ ಅಲ್ಲಿಗೆ ಬರುವಷ್ಟರಲ್ಲಿ ಪವಿತ್ರ ತಲೆ ಸುತ್ತಿ ಬೀಳುವುದು.

"ಹಿಂಗೆ ಬೀಳ್ತೀನಿ ನೋಡು" ಎಂದು ಅವಳು ಕಣ್ಣು ಮೇಲೆ ಮಾಡಿ ಅಜ್ಜಮ್ಮನ ಹೆಗಲಿಗೆ ಒರಗಿದಳು.

"ಗಿಡದ ಮ್ಯಾಲೆ ಬಿದ್ದೀಯ, ಯಜಮಾನ ನಿನ್ನ ಎಬ್ಸಾಕೆ ಮುಂಚೆ ಗಿಡ ಎಬ್ಸ್ತಾನೆ" ಎಂದಳು ಅಜ್ಜಮ್ಮ.

"ಎಬ್ಸ್ಲಿ ಬಿಡು. ಗದ್ಲದಾಗೆ ಹೊತ್ತು ಹೋಗ್ಬೇಕು, ಅಷ್ಟೇ."

ಅಂಬಿಕಾ ನಗಲಿಲ್ಲ. ಆದರೆ ಬೇಡ ಎಂದೂ ಹೇಳಲಿಲ್ಲ.

*

ಪ್ರಮೀಳಾ ಮೇಡಂ ಹೇಳಿದ ಹೊತ್ತಿಗೇ ಬಂದರು. ಬಲೆಯ ಒಳಗಿನ ಸೆಕೆಗೆ ಕನ್ನಡಕ ಮಂಜಾಗಿ, ಎರಡು ಸಲ ಸೆರಗಿನಿಂದ ಒರೆಸಿಕೊಂಡರು. ಷಣ್ಮುಖಪ್ಪ ಹಿಂದೆಯೇ ಇದ್ದ. ಹೆಂಗಸರು ತಮ್ಮ ತಮ್ಮ ಸಾಲಿನ ತಲೆಯಲ್ಲಿ ಚಿಮಟ ಹಿಡಿದು ನಿಂತಿದ್ದರು. ಈ ನೆಟ್ ಮನೆ ಇಷ್ಟು ಸುಮ್ಮನಿದ್ದದ್ದನ್ನು ಅಂಬಿಕಾ ನೋಡಿರಲಿಲ್ಲ.

ಆಮೇಲೆ ಅವಳು ನೋಡಿದಳು. ಕೊನೆಯ ಸಾಲು ಖಾಲಿ ಇತ್ತು. ಅಂತರಘಟ್ಟಮ್ಮ ಬಾಗಿಲ ಪಕ್ಕದ ಮೊದಲ ಸಾಲಿನಲ್ಲಿ, ಸೆರಗನ್ನು ಸೊಂಟಕ್ಕೆ ಬಿಗಿದು ನಿಂತಿದ್ದಳು.

"ಅತ್ತೆ, ನಿಮ್ದು ಆ ಕಡೆ..."

"ನಂದು ಯಾವಾಗ್ಲೂ ಮೊದಲ್ನೇ ಸಾಲೇ" ಎಂದಳು ಅಂತರಘಟ್ಟಮ್ಮ, ಎಲ್ಲರಿಗೂ ಕೇಳುವಂತೆ. "ಕಲ್ಸಿದೋಳಿಂದ ಶುರು ಮಾಡ್ರಿ ಮೇಡಂ."

ದೂರದಲ್ಲಿ ಪವಿತ್ರ ಬಾಯಿ ತೆರೆದು ನಿಂತಳು. ಬೀಳುವುದಕ್ಕೂ ಅವಳಿಗೆ ಹೊತ್ತು ಸಿಗಲಿಲ್ಲ.

ಅಂತರಘಟ್ಟಮ್ಮ ಟೊಂಗೆ ಹಿಡಿದಳು. ಬೆರಳು ಸವರಿ ಒಂದು ಮೊಗ್ಗಿನ ಮೇಲೆ ನಿಂತಿತು. ಚಿಮಟ ಒಳಗೆ ಹೋಗಿ ಬಂತು. ಗಂಡು ಭಾಗ ಇಡಿಯಾಗಿ ಬಂದಿತ್ತು, ಕಡ್ಡಿ ನೆಟ್ಟಗೆ ನಿಂತಿತ್ತು. ಅಂಬಿಕಾ ಉಸಿರು ಬಿಟ್ಟಳು. ಎರಡನೆಯ ಮೊಗ್ಗು ಎಳಸು. ಅಂಬಿಕಾಳಿಗೆ ಅದು ಅಷ್ಟು ದೂರದಿಂದಲೂ ಗೊತ್ತಾಯಿತು. ಬೇಡ ಬೇಡ ಎಂದು ಒಳಗೇ ಕೂಗಿದಳು. ಕಡ್ಡಿ ಮುರಿಯಿತು. ಮೂರನೆಯದು ಹೆಚ್ಚು ಬಲಿತದ್ದು. ಚಿಮಟ ತಾಗಿದ ಕೂಡಲೇ ಒಳಗಿನ ಪುಡಿ ಅಂತರಘಟ್ಟಮ್ಮನ ಹೆಬ್ಬೆರಳಿನ ಮೇಲೆ ಉದುರಿತು. ಅದು ಅವಳಿಗೆ ಕಾಣಲಿಲ್ಲ. ಮುಂದಿನ ಮೊಗ್ಗಿಗೆ ಕೈ ಹಾಕಿದಳು. ಚಿಮಟ ಎರಡು ಸಲ ಗಾಳಿಯಲ್ಲಿ ತಡವರಿಸಿ, ಮೂರನೆಯ ಸಲ ಎಲೆಯನ್ನು ಹಿಡಿಯಿತು.

"ಮೇಡಂ, ನೋಡಿದ್ರಾ?" ಷಣ್ಮುಖಪ್ಪ ಮುಂದೆ ಬಂದ. "ಇದೇನಾ ಕುಶಲ? ಎಲ್ರದೂ ಒಂದೇ ಅಂದ್ಲು ಆ ಹೆಣ್ಮಗಳು."

ಪ್ರಮೀಳಾ ಮೇಡಂ ಅಂತರಘಟ್ಟಮ್ಮನ ಕೈಯನ್ನಲ್ಲ, ಮುಖವನ್ನು ನೋಡುತ್ತಿದ್ದರು. "ಅಜ್ಜಿ, ನಿಮಗೆ ಕಣ್ಣು ಕಾಣುತ್ತಾ?"

ಯಾರೂ ಕೇಳದೆ ಉಳಿಸಿದ್ದ ಪ್ರಶ್ನೆ. ಅಂಬಿಕಾ ಗಿಡದ ಆಸರೆ ಕಂಬವನ್ನು ಹಿಡಿದುಕೊಂಡಳು.

"ನೀವು ನಿಂತಿರೋದು ಕಾಣ್ತೈತೆ" ಎಂದಳು ಅಂತರಘಟ್ಟಮ್ಮ. "ನಿಮ್ಮ ಕನ್ನಡಕ ಕಾಣ್ತೈತೆ. ಮೊಗ್ಗಿನಾಗೆ ಹಳದಿ ಎಷ್ಟು ಐತೆ ಅಂತ ಕಾಣಾಕಿಲ್ಲ. ಹೋದ ಮಳೆಗಾಲದಿಂದ."

"ಮತ್ತೆ ಹೆಂಗೆ ಕೆಲಸ ಮಾಡಿದ್ರಿ?"

"ನಾನೆಲ್ಲಿ ಮಾಡಿದೆ? ಇವ್ರು ಮಾಡಿದ್ರು." ಅವಳು ಹಿಂದಕ್ಕೆ ತಿರುಗದೆ ಚಿಮಟದಿಂದ ಹೆಂಗಸರ ಕಡೆ ತೋರಿಸಿದಳು. "ನಾನು ನೀರು ಕುಡಿಯಾಕೆ ಹೋದ ಕೂಡ್ಲೆ ಬಂದು ತಿದ್ದಿ ಹೋಗೋರು. ಮುಯ್ಯಿ ಅಂತೆ. ನನ್ನ ಕೇಳ್ದಂಗೆ ಯಾರಾದ್ರೂ ನನಗೆ ಮುಯ್ಯಿ ಮಾಡ್ತಾರಾ? ಹಿಂದೆ ನಡೆಯೋರ ಕಾಲಿನ ಸಪ್ಪಳನೂ ಕೇಳಾಕಿಲ್ಲ ಅಂದ್ಕಂಡಿದ್ರೇನೋ. ದಿನಾ ಒಬ್ಳೇ ನಿಂತು ಒಂದು ಚೊಂಬು ನೀರು ಕುಡ್ದು ಕುಡ್ದು ಹೊಟ್ಟೆ ಉಬ್ಬಿಸ್ಕಂಡಿದೀನಿ, ಇವ್ರಿಗೆ ಹೊತ್ತು ಸಿಗ್ಲಿ ಅಂತ."

ಅಜ್ಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೊತ್ತಿತ್ತು. ಅತ್ತೆಗೆ ಎಲ್ಲ ಗೊತ್ತಿತ್ತು.

"ಕೇಳಿಸ್ಕಂಡ್ರಲ್ಲ ಮೇಡಂ" ಎಂದ ಷಣ್ಮುಖಪ್ಪ. ದನಿ ಈಗ ನಿಜವಾಗಿಯೂ ನೊಂದಿತ್ತು. "ಇಷ್ಟು ದಿನ ನನ್ನ ಕಣ್ಣಿಗೆ ಮಣ್ಣು ಹಾಕ್ಯಾರೆ. ಇಂಥೋಳ್ನ ಒಳಗೆ ಇಟ್ಕಂಡ್ರೆ ನನ್ನ ಬೀಜ ಏನಾಗಬೇಕು? ಅಂತ್ರಮ್ಮ, ನಾಳೆಯಿಂದ ಬರಬ್ಯಾಡ ನೀನು. ಈ ಕೆಲಸಕ್ಕೆ ಗೊತ್ತಿರೋ ಕೈಯೇ ಬೇಕು. ಗೊತ್ತಿಲ್ದೋರು ಒಂದು ದಿನ ಮುಟ್ಟಿದ್ರೆ ಇಡೀ ಮಾಲು ಕೆಡ್ತೈತೆ."

"ಅದನ್ನೇ ಬರ್ಕಳ್ಳಿ ಮೇಡಂ" ಎಂದಳು ಅಂತರಘಟ್ಟಮ್ಮ.

ತಾನು ಆಡಿದ್ದೇನೆಂದು ಆಗ ಹೊಳೆದವನಂತೆ ಷಣ್ಮುಖಪ್ಪ ಮೇಡಂ ಕಡೆ ನೋಡಿದ.

"ಕಳೆ ಕೀಳಾಕೆ ನನಗೆ ಈಗ್ಲೂ ಬರ್ತೈತೆ. ಗೊಬ್ಬರ ಹೊರ್ತೀನಿ, ಸೌದೆ ಒಡೀತೀನಿ. ಇದೊಂದು ಬರಾಕಿಲ್ಲ. ಯಾರಿಗಾದ್ರೂ ಬರೋ ಕೆಲಸ ಆಗಿದ್ರೆ ನನಗೆ ಯಾಕೆ ಹೋತು ಹೇಳ್ರಿ? ನನ್ನ ಹತ್ರ ಇತ್ತು, ಹೋತು. ಇವ್ರ ಹತ್ರ ಐತೆ." ಅವಳು ಚಿಮಟವನ್ನು ಸೆರಗಿನಲ್ಲಿ ಒರೆಸಿ ಸೊಂಟಕ್ಕೆ ಸಿಕ್ಕಿಸಿದಳು. "ನನ್ನನ್ನ ಕೂಲಿಯೋಳು ಅಂತ ಬರ್ಕಳ್ಳಿ. ಇವ್ರನ್ನ ನೋಡಿ ಬರ್ಕಳ್ಳಿ."

ಪ್ರಮೀಳಾ ಮೇಡಂ ಬರೆದುಕೊಂಡರು. ಆಮೇಲೆ ಷಣ್ಮುಖಪ್ಪನ ಕಡೆ ತಿರುಗಿದರು. "ಗೊತ್ತಿರೋ ಕೈಯೇ ಬೇಕು ಅಂದ್ರಲ್ಲ. ಯಾವ ಕೈ ಗೊತ್ತಿರೋದು, ಯಾವುದು ಅಲ್ಲ ಅಂತ ಇಷ್ಟು ತಿಂಗಳು ನಿಮಗೆ ಕಾಣಲಿಲ್ವಾ?"

"ನಾನು ಮೊಗ್ಗು ನೋಡ್ಕಂತ ಕೂತ್ರೆ ಆಗ್ತೈತಾ ಮೇಡಂ? ಅದ್ರಾಗೆ ನನಗೇನು ತಿಳೀತೈತೆ?"

"ಅದೂ ಬರ್ಕೊಳ್ಳಬೇಕಾಗುತ್ತೆ" ಎಂದರು ಅವರು, ಗೆದ್ದ ದನಿಯಲ್ಲಲ್ಲ, ದಣಿದ ದನಿಯಲ್ಲಿ.

"ಹಂಗಾದ್ರೆ ಹೋದ ವರ್ಷದ್ದು?"

"ಅದು ಈ ಅರ್ಜಿಯಲ್ಲಿಲ್ಲ. ಬಲೆಯಲ್ಲಿ ತೂತು ಬಿದ್ದಿತ್ತೋ, ಪುಡಿಯೇ ಕೆಟ್ಟಿತ್ತೋ, ಇವರ ಕೈಯೋ, ನನಗೆ ಗೊತ್ತಿಲ್ಲ." ಅವರು ಅಂಬಿಕಾಳತ್ತ ನೋಡಿದರು. "ಆದರೆ ನೀವೂ ತಿಳ್ಕೊಳ್ಳಿ. ಕುಶಲ ಅಂತ ಒಂದು ಸಲ ಬರೆದರೆ ಮುಂದೆ ಕೆಟ್ಟದ್ದಕ್ಕೆ ನಿಮ್ಮನ್ನೂ ಕೇಳ್ತಾರೆ. ಹೀಗೆ ಮುಚ್ಚಿಡೋಕಾಗಲ್ಲ. ಈಗ ಮಾಡಿ ತೋರಿಸ್ತೀರಾ?"

ಅಂಬಿಕಾ ಮುಂದೆ ಬಂದಳು. ಅತ್ತೆ ಸರಿದು ಜಾಗ ಬಿಟ್ಟಳು. ಸರಿಯುವಾಗ ಅವಳ ಒರಟು ಬೆರಳುಗಳು ಅಂಬಿಕಾಳ ಮಣಿಕಟ್ಟಿಗೆ ತಾಗಿದವು. ಹೊಡೆಯಲಿಲ್ಲ, ಹಿಡಿಯಲೂ ಇಲ್ಲ. ಅಂಬಿಕಾ ಟೊಂಗೆ ಹಿಡಿದು ಮೊದಲ ಮೊಗ್ಗು ಆರಿಸಿಕೊಂಡಳು. ಒಬ್ಬೊಬ್ಬರಾಗಿ ಎಲ್ಲರೂ ಮಾಡಿ ತೋರಿಸುವಷ್ಟರಲ್ಲಿ ಬಲೆಯ ನೆರಳು ಉದ್ದವಾಗಿತ್ತು. ಪವಿತ್ರಳ ಸರದಿ ಬಂದಾಗ ಅವಳಿಗೆ ನಿಜವಾಗಿಯೂ ತಲೆ ಸುತ್ತಿತು, ನೀರು ಕುಡಿದು ಬಂದು ಮಾಡಿದಳು.

*

ಅತ್ತೆ ಸೊಸೆ ಒಟ್ಟಿಗೇ ಮನೆಗೆ ನಡೆದರು. ಮೆಕ್ಕೆಜೋಳದ ಹೊಲ ಮುಗಿಯುವಲ್ಲಿ ಅಂಬಿಕಾ ಹೇಳಿದಳು, "ನನಗೆ ಹೇಳಬೌದಿತ್ತು ಅತ್ತೆ."

"ನೀನು ಕೇಳಬೌದಿತ್ತು" ಎಂದಳು ಅಂತರಘಟ್ಟಮ್ಮ.

ಸ್ವಲ್ಪ ಮುಂದೆ ಹೋಗಿ ಮುದುಕಿಯೇ ಮತ್ತೆ ಬಾಯಿ ತೆರೆದಳು. "ಹೋದ ವರ್ಷದ ಬೀಜ ನನ್ನ ಕೈಯಿಂದ್ಲೇ ಕೆಟ್ಟಿದ್ದೋ ಏನೋ. ಅದು ನನ್ನ ಜೊತೇಗೇ ಇರ್ಲಿ. ನೀನು ಹೊತ್ಕಂಡು ತಿರುಗಬ್ಯಾಡ."

ಆದರೆ ಅಂಬಿಕಾ ಹೊತ್ತುಕೊಂಡೇ ತಿರುಗಿದಳು. ಮೇಡಂ ವರದಿ ಕಳಿಸಿದ್ದಾರೆ, ಮೇಲಿನಿಂದ ಆದೇಶ ಇನ್ನೂ ಬಂದಿಲ್ಲ. ಅಂತರಘಟ್ಟಮ್ಮ ಈಗ ಮೆಕ್ಕೆಜೋಳದ ಹೊಲಗಳಿಗೆ ಕಳೆಗೆ ಹೋಗುತ್ತಾಳೆ. ಸಂಜೆ ಉಗುರಿನ ಸಂದಿಯ ಮಣ್ಣು ತೊಳೆಯುತ್ತ "ಯಾವ ಸಾಲು ಆತು ಇವತ್ತು?" ಎಂದು ಕೇಳುತ್ತಾಳೆ. ಅಂಬಿಕಾ ಹೇಳುತ್ತಾಳೆ. ಅವಳು ತಲೆಯಾಡಿಸುತ್ತಾಳೆ, ಇನ್ನೇನೂ ಕೇಳುವುದಿಲ್ಲ. ಷಣ್ಮುಖಪ್ಪ ಮಾತು ಕಮ್ಮಿ ಮಾಡಿದ್ದಾನೆ. ಮೊದಲು ಪರದೆಯ ಆಚೆಯಿಂದಲೇ ಹೋಗುತ್ತಿದ್ದವನು ಈಗ ಒಳಗೆ ಬಂದು, ಸಾಲಿನ ತಲೆಯಲ್ಲಿ ಕೈಕಟ್ಟಿ ನಿಲ್ಲುತ್ತಾನೆ. ಅವನು ನಿಂತಾಗಲೆಲ್ಲ ಅಂಬಿಕಾಳ ಚಿಮಟ ಒಂದು ಕ್ಷಣ ತಡೆಯುತ್ತದೆ.

ಮೊದಲ ಸಾಲು ಈಗ ಅವಳದು. ನಿನ್ನೆ ಮಧ್ಯಾಹ್ನ ಆ ಸಾಲಿನ ಒಂದು ಗಿಡದ ಎದುರು ಅವಳು ನಿಂತೇಬಿಟ್ಟಳು. ಎಸಳಿನ ಸಂದಿಯಲ್ಲಿ ಹಳದಿ ಇತ್ತು. ಎಷ್ಟು ಇತ್ತು? ಒಂದು ಕಣ್ಣು ಮುಚ್ಚಿ ನೋಡಿದಳು. ಇನ್ನೊಂದನ್ನು ಮುಚ್ಚಿ ನೋಡಿದಳು. ಬಲಗಣ್ಣಿಗೆ ಒಂದು ಥರ, ಎಡಗಣ್ಣಿಗೆ ಒಂದು ಥರ ಕಂಡಂತಾಯಿತು. ಇಳಿಬಿಸಿಲಿನ ಬೆಳಕಿರಬೇಕು. ಬೆವರಿರಬೇಕು. ಬೆರಳು ತಾನಾಗಿಯೇ ಮುಂದೆ ಹೋಗಿ ಮೊಗ್ಗನ್ನು ಸವರಿತು. ಅತ್ತೆಯ ಬೆರಳಿನಂತೆಯೇ ಎನಿಸಿ ಅವಳು ಕೈ ಹಿಂದಕ್ಕೆಳೆದುಕೊಂಡಳು.

ಷಣ್ಮುಖಪ್ಪ ಬಾಗಿಲ ಬಳಿಯೇ ಇದ್ದ. ಅವನಿಗೂ ಕೇಳುತ್ತದೆ ಎಂದು ಗೊತ್ತಿದ್ದೇ ಅವಳು ಕೂಗಿದಳು.

"ಪ‌ವಿತ್ರಾ, ಬಾರೇ ಇಲ್ಲಿ. ಇದು ನಾಳೇದಾ ನೋಡು."

ಪವಿತ್ರ ಎರಡು ಸಾಲು ದಾಟಿ ಬಂದಳು. "ಏನಕ್ಕ, ಅಜ್ಜಿ ಹೋದಂಗೆ ನಿನ್ನ ಕಣ್ಣೂ ಹೋತಾ?"

"ಹೋಗಿದ್ರೆ ಬಾಯಿಬಿಟ್ಟು ಹೇಳು. ಹಿಂದೆ ಹಿಂದೆ ಬಂದು ತಿದ್ದಬ್ಯಾಡ."

ಪವಿತ್ರಳ ನಗು ಇಳಿಯಿತು. ಬಾಗಿ ನೋಡಿದಳು. ತಲೆ ಒಂದು ಕಡೆ ವಾಲಿಸಿ ಮತ್ತೆ ನೋಡಿದಳು. "ನನಗೆ ನಾಡಿದ್ದಿಂದು ಅನ್ನಿಸ್ತೈತೆ. ನಿನಗೆ?"

"ನಾಳೇದು ಅನ್ನಿಸ್ತು."

ಅಂಬಿಕಾ ಚಿಮಟವನ್ನು ಸೊಂಟಕ್ಕೆ ಸಿಕ್ಕಿಸಿ, ಸೆರಗಿನ ಅಂಚಿನಿಂದ ಒಂದು ಎಳೆ ದಾರ ಎಳೆದು ತುಂಡು ಮಾಡಿದಳು. ಮೊಗ್ಗಿಗೆ ತಾಗದಂತೆ, ಗುರುತಿಗೆಂದು ಅದರ ತೊಟ್ಟಿಗೆ ಸಡಿಲವಾಗಿ ಕಟ್ಟಿದಳು.

"ಮುಟ್ಟಾದು ಬ್ಯಾಡ" ಎಂದಳು. "ಬೆಳಿಗ್ಗೆ ಬಂದು ನೋಡಾಣ."